ಚೀಲ ಕಾಯುವುದು ಸಾಕು, ಕೋಟೆ ನೋಡೋಣ

ರಜೆ ಬಂತೆಂದರೆ ಮನೆಮಂದಿಗೆಲ್ಲ ಪ್ರವಾಸದ ಸಂಭ್ರಮ. ಗೃಹಿಣಿಗೆ ಮಾತ್ರ ನಸುಕಿನಲ್ಲೇ ಎದ್ದು ಪುಳಿಯೋಗರೆ ಕಲಸುವ ಗಡಿಬಿಡಿ! ಹೋದಲ್ಲಾದರೂ ಪುರುಸೊತ್ತು ಉಂಟೇ? ‘ನೀನಿಲ್ಲೇ ಚೀಲ ನೋಡ್ಕೊಂಡಿರು, ನಾವು ಹೀಗೆ ಹೋಗಿ ಹಾಗೆ ಬಂದ್ಬಿಡ್ತೀವಿ’ ಎಂದು ಎಲ್ಲರೂ ಹೊರಟುಬಿಡುತ್ತಾರೆ. ಮರದ ನೆರಳಲ್ಲಿ ಕುಳಿತವಳು ಕಂಡದ್ದು ಟಿಫಿನ್ ಕ್ಯಾರಿಯರ್ ಒಂದೇ. ನಿಮಗೂ ಹೀಗೇ ಆಗಿದೆ ಅಲ್ಲವೇ, ಸೋದರಿ?

ಉತ್ತರ ಕನ್ನಡದ ಮಿರ್ಜಾನ್ ಕೋಟೆಗೆ ಹೋದಾಗಲಾದರೂ ಹಾಗೆ ಕೂರಬೇಡಿ. ಕುಮಟಾದಿಂದ ಗೋಕರ್ಣದ ಕಡೆಗೆ ಸುಮಾರು 11 ಕಿಲೋಮೀಟರು. ಹೆದ್ದಾರಿಯಿಂದ ನಡೆದು ಹೋಗುವಷ್ಟೇ ದೂರ. ಅಘನಾಶಿನಿ ನದಿಯ ಬಳಿ ಚಿರೆಕಲ್ಲಿನ ಎತ್ತರದ ಗೋಡೆ, ದುಂಡು ಬುರುಜು, ಒಳಗೆ ಆಳವಾದ ಬಾವಿಗಳು.

ಈ ಊರಿನೊಂದಿಗೆ ಬೆಸೆದ ಹೆಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. 1552ರಿಂದ 1606ರವರೆಗೆ, 54 ವರ್ಷ ಆಳಿದ ಹೆಣ್ಣುಮಗಳು! ಅವಳ ನಾಡಿನ ಕಾಳುಮೆಣಸು ಕಡಲಾಚೆಗೆ ಹೋಗುತ್ತಿತ್ತು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತಳು. ಕೋಟೆ ಕಟ್ಟಿಸಿದವಳು ಅವಳೇ ಎಂಬುದು ಜನರ ಮಾತು. ಬಿಜಾಪುರದ ಅಧಿಕಾರಿ ಕಟ್ಟಿಸಿದ್ದು ಎನ್ನುವವರೂ ಇದ್ದಾರೆ. ಏನೇ ಇರಲಿ, ನಾವು ಸಾರಿಗೆ ಕುಟ್ಟಿ ಹಾಕುವ ನಾಲ್ಕು ಕಾಳಿನ ಹಿಂದೆ ಒಂದು ರಾಜ್ಯದ ಲೆಕ್ಕಾಚಾರವೇ ಇತ್ತು. ಅದನ್ನು ನಡೆಸಿದವಳೂ ಒಬ್ಬ ಹೆಂಗಸು. ಅಂಥ ಜಾಗದಲ್ಲಿ ನಾವು ಹೊರಗೆ ಕುಳಿತು ಚೀಲ ಕಾಯುವುದು ಚೆಂದವೇ?

ಹೊರಡುವ ಮುಂಚೆ ಇಷ್ಟು ಮಾಡಿ. ಅಡುಗೆ ಒಂದೇ ಬಗೆ ಇರಲಿ. ಹಿಂದಿನ ರಾತ್ರಿಯೇ ಗೊಜ್ಜು ಕಾಯಿಸಿಟ್ಟರೆ ಬೆಳಿಗ್ಗೆ ಅನ್ನ ಕಲಸಿದರಾಯಿತು. ಜೊತೆಗೆ ಉಪ್ಪಿನಕಾಯಿ, ಬಾಳೆಹಣ್ಣು, ಧಾರಾಳವಾಗಿ ನೀರು. ಅವರವರ ಚೀಲ ಅವರವರ ಹೆಗಲಿಗೆ, ಮಕ್ಕಳಿಗೂ ಅಷ್ಟೇ. ಕಾಯಲೇಬೇಕಾದರೆ ಅರ್ಧ ಗಂಟೆಗೊಬ್ಬರಂತೆ ಸರದಿ ಹಾಕಿ. ಯಜಮಾನರ ಸರದಿಯೇ ಮೊದಲು!

ಮಳೆಗಾಲದಲ್ಲಿ ಗೋಡೆಗಳೆಲ್ಲ ಹಸಿರು ಹೊದ್ದು ಕಣ್ಣಿಗೆ ಹಬ್ಬ. ಆದರೆ ಪಾಚಿ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ಸೀರೆಯ ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಿಕೊಂಡರೆ ಮೆಟ್ಟಿಲು ಹತ್ತುವುದು ಸಲೀಸು. ಬೇಸಿಗೆಯಲ್ಲಾದರೆ ಬಿಸಿಲೇರುವ ಮುಂಚೆ ತಲುಪಿ. ಬಾವಿಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ. ಅದು ನಿಮ್ಮೊಬ್ಬರದೇ ಕೆಲಸವಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಿ.

ಕೇಳಿದರೆ ಇಲ್ಲವೆನ್ನುವವರು ಕಡಿಮೆ. ನಾವು ಕೇಳುವುದೇ ಇಲ್ಲ, ಅಷ್ಟೆ. ಈ ಸಲ ಕೇಳಿ ನೋಡಿ. ಬುರುಜಿನ ಮೇಲೆ ನಿಂತು ನೀವು ಏನು ಕಂಡಿರಿ, ಬರೆದು ತಿಳಿಸುತ್ತೀರಲ್ಲ?