‘ಎತ್ತರ ಆಗಿದೆ’ ಎನ್ನಲು ಸಂಕೋಚವೇಕೆ?

ಮೆಣಸಗಿಯಿಂದ ರೋಣಕ್ಕೋ ಗದಗಿಗೋ ಹೋಗಿ ಹುಳುಕು ಹಲ್ಲು ತುಂಬಿಸಿಕೊಳ್ಳುತ್ತೀರಿ. ಕುರ್ಚಿಯಿಂದ ಏಳುವ ಮುನ್ನ ವೈದ್ಯರು ಹಲ್ಲುಗಳ ನಡುವೆ ತೆಳುವಾದ ನೀಲಿ ಕಾಗದ ಇಟ್ಟು ‘ಕಚ್ಚಿ’ ಎನ್ನುತ್ತಾರೆ. ಹಲ್ಲು ತಾಗಿದಲ್ಲಿ ಬಣ್ಣ ಮೂಡುತ್ತದೆ. ಎತ್ತರವಾದ ಜಾಗವನ್ನು ಉಜ್ಜಿ ತಗ್ಗಿಸುತ್ತಾರೆ.

ಆದರೆ ಆ ಗುರುತು ಎಲ್ಲಿ ತಾಗಿತೆಂದು ತೋರಿಸುತ್ತದೆಯೇ ಹೊರತು ಎಷ್ಟು ಒತ್ತಿತೆಂದು ಸರಿಯಾಗಿ ಹೇಳದು. ಅದನ್ನು ನೀವೇ ಹೇಳಬೇಕು. ನಮ್ಮ ಮನೆಯ ಹೆಣ್ಣುಮಕ್ಕಳು ಸಂಕೋಚದಿಂದ ‘ಸರಿ ಇದೆ’ ಎಂದುಬಿಡುತ್ತಾರೆ. ಇಂಜೆಕ್ಷನ್‌ನಿಂದ ಮರಗಟ್ಟಿದ ಬಾಯಿಗೆ ಆಗ ತಿಳಿಯುವುದೂ ಕಷ್ಟ. ಮನೆಯಲ್ಲಿ ರೊಟ್ಟಿ ಅಗಿಯುವಾಗ ಆ ಹಲ್ಲೇ ಮೊದಲು ತಾಗಿ ನೋಯುತ್ತದೆ.

‘ತಾನಾಗಿ ಸವೆದೀತು’ ಎಂದು ಒಂದೇ ಬದಿಯಲ್ಲಿ ಅಗಿಯುತ್ತಾ ದಿನ ದೂಡಬೇಡಿ. ತುಂಬಿದ್ದು ಒಡೆಯಬಹುದು, ದವಡೆಯೂ ನೋಯಬಹುದು. ಬಸ್ಸಿನ ಖರ್ಚಾದರೂ ಸರಿ, ಮರಳಿ ಹೋಗಿ ತೋರಿಸಿ.