ಸಾಮಾನ್ಯ ಜ್ಞಾನ ಇಂಗ್ಲಿಷಿನ ಜಹಗೀರೇ?

ಕನ್ನಡಿಗರೇ, ಮೊದಲು ಒಂದು ಚಿಕ್ಕ ಪರೀಕ್ಷೆ. ಪ್ರಶ್ನೆ ನಾಲ್ಕೇ ನಾಲ್ಕು. ಆಸ್ಟ್ರೇಲಿಯಾದ ರಾಜಧಾನಿ ಯಾವುದು? ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದವರು ಯಾರು? ಬನವಾಸಿಯನ್ನು ರಾಜಧಾನಿ ಮಾಡಿಕೊಂಡು ಆಳಿದ ಕನ್ನಡದ ಮೊದಲ ರಾಜಮನೆತನ ಯಾವುದು? ದ್ವೈತ ವೇದಾಂತದ ಯಾವ ಯತಿಯ ವೃಂದಾವನ ಸೋದೆಯಲ್ಲಿದೆ?

ಉತ್ತರ: ಕ್ಯಾನ್‌ಬೆರಾ, ಜೇಮ್ಸ್ ನೈಸ್ಮಿತ್, ಕದಂಬರು, ವಾದಿರಾಜರು. ಕೇಳಿದ್ದು ಕನ್ನಡದಲ್ಲಿ, ಉತ್ತರ ಬಂದದ್ದೂ ಕನ್ನಡದಲ್ಲಿ. ನಡುವೆ ಎಲ್ಲಾದರೂ ಇಂಗ್ಲಿಷಿನ ಹಂಗು ಬೇಕಾಯಿತೇ? ಇಲ್ಲ. ಹಾಗಾದರೆ ಹೇರೂರಿನ ಹುಡುಗಿಯೊಬ್ಬಳು ಇದೇ ಪ್ರಶ್ನೆಗಳನ್ನು ಎದುರಿಸಲು ಸರ್ಕಾರಿ ಪರೀಕ್ಷೆಗೆ ಕೂತಾಗ ಮಾತ್ರ ಇಂಗ್ಲಿಷಿನ ಬಾಗಿಲಲ್ಲಿ ಯಾಕೆ ಕೈಕಟ್ಟಿ ನಿಲ್ಲಬೇಕು?

"ಕನ್ನಡದಲ್ಲಿ ಇದನ್ನೆಲ್ಲ ಹೇಳಲಿಕ್ಕಾಗದು, ಪದಗಳೇ ಇಲ್ಲ" ಎನ್ನುವ ಪಂಡಿತರಿದ್ದಾರೆ. ಇವರಿಗೆ ಕಣ್ಣಿಲ್ಲವೋ, ಕಂಡರೂ ಕಾಣದಂತೆ ನಟಿಸುತ್ತಾರೋ!

ಬ್ಯಾಸ್ಕೆಟ್‌ಬಾಲನ್ನೇ ತೆಗೆದುಕೊಳ್ಳಿ. ೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ, ಚಳಿಗಾಲಕ್ಕೆ ಹೊರಗೆ ಆಡಲಾಗದ ಹುಡುಗರಿಗಾಗಿ ನೈಸ್ಮಿತ್ ಒಳಾಂಗಣದ ಗೋಡೆಗೆ ಪೀಚ್ ಹಣ್ಣಿನ ಬುಟ್ಟಿ ಕಟ್ಟಿಸಿದ. ಎತ್ತರ ೧೦ ಅಡಿ, ನಿಯಮ ೧೩. ಬುಟ್ಟಿಗೆ ತಳವಿತ್ತು. ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯಬೇಕು! ಬುಟ್ಟಿ, ಏಣಿ, ಚೆಂಡು: ಇದರಲ್ಲಿ ಯಾವ ಪದ ಅಡಿಕೆ ತೋಟದವರಿಗೆ ತಿಳಿಯದ್ದು?

ತತ್ತ್ವಶಾಸ್ತ್ರವೇ? ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ತಾಳಮದ್ದಳೆ ಕೂತರೆ ಅರ್ಥಧಾರಿಗಳು ಬರೆದಿಟ್ಟ ಚೀಟಿಯಿಲ್ಲದೆ ವಾದಕ್ಕಿಳಿಯುತ್ತಾರೆ. ರಾಮ ಮರೆಯಲ್ಲಿ ನಿಂತು ವಾಲಿಗೆ ಬಾಣ ಬಿಟ್ಟದ್ದು ಧರ್ಮವೇ? ವಿಧಿ ದೊಡ್ಡದೋ, ಮನುಷ್ಯ ಪ್ರಯತ್ನ ದೊಡ್ಡದೋ? ಗ್ರೀಸಿನ ಸಾಕ್ರೆಟಿಸ್ ಅಥೆನ್ಸಿನ ಬೀದಿಯಲ್ಲಿ ಮಾಡಿದ್ದೂ ಪ್ರಶ್ನೆಗೆ ಪ್ರಶ್ನೆ ಹಾಕುವ ಇಂಥ ವಾದವನ್ನೇ. ಅವನು ಗ್ರೀಕಿನಲ್ಲಿ ಮಾತಾಡಿದ, ಇಂಗ್ಲಿಷಿನಲ್ಲಲ್ಲ!

ರಾಜಧಾನಿಗಳ ಮಾತೋ? ಬ್ರೆಜಿಲ್ ೧೯೬೦ರಲ್ಲಿ ರಿಯೊ ಬಿಟ್ಟು ಬ್ರೆಸಿಲಿಯಾಕ್ಕೆ ಹೋಯಿತು, ತುರ್ಕಿ ೧೯೨೩ರಲ್ಲಿ ಅಂಕಾರಾವನ್ನು ಆರಿಸಿಕೊಂಡಿತು ಎಂದು ಮಕ್ಕಳು ಉರುಹೊಡೆಯಲಿ, ಒಳ್ಳೆಯದೇ. ಆದರೆ ಶಿರಸಿಯಿಂದ ಒಂದು ಬಸ್ಸಿನ ದಾರಿಯಲ್ಲಿರುವ ಬನವಾಸಿಯೂ ರಾಜಧಾನಿ. ೨ನೇ ಶತಮಾನದಲ್ಲೇ ಟಾಲೆಮಿಯ ಭೂಗೋಳದಲ್ಲಿ ಅದರ ಹೆಸರಿದೆ. ಇದನ್ನು ಬಿಟ್ಟು ಕಲಿಸುವ ಜ್ಞಾನ ಯಾವ ಸೀಮೆಯ ಸಾಮಾನ್ಯ ಜ್ಞಾನ?

ಲೋಕದ ತಿಳಿವಳಿಕೆಯನ್ನು ಒಂದು ಗ್ರಂಥದಲ್ಲಿ ಕೂಡಿಸುವುದು ಕನ್ನಡಕ್ಕೆ ಹೊಸ ಕಸುಬಲ್ಲ. ಸುಮಾರು ೧೦೨೫ರಲ್ಲಿ ಚಾವುಂಡರಾಯನು ಜೋತಿಷ, ಮನೆ ಕಟ್ಟುವುದು, ಅಂತರ್ಜಲ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ ಎಲ್ಲವನ್ನೂ 'ಲೋಕೋಪಕಾರ'ದಲ್ಲಿ ತುಂಬಿಟ್ಟ. ನಿಜಗುಣ ಶಿವಯೋಗಿಗಳು 'ವಿವೇಕಚಿಂತಾಮಣಿ' ಬರೆದರು. ೨೦ನೇ ಶತಮಾನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ 'ಬಾಲ ಪ್ರಪಂಚ' ಕೊಟ್ಟರು, ನಿರಂಜನರು ೭ ಸಂಪುಟಗಳ 'ಜ್ಞಾನಗಂಗೋತ್ರಿ' ತಂದರು, ಮೈಸೂರು ವಿಶ್ವವಿದ್ಯಾನಿಲಯ ವಿಶ್ವಕೋಶವನ್ನೇ ಹೊರಡಿಸಿತು. ಸಾವಿರ ವರ್ಷ ಈ ಕೆಲಸ ಮಾಡಿದ ಭಾಷೆಗೆ ಪದವಿಲ್ಲವೆನ್ನುವುದು ಹಸೀ ಸುಳ್ಳು!

ಹಾಗಾದರೆ ಅಡ್ಡಿ ಎಲ್ಲಿದೆ? ಪ್ರಶ್ನೆ ಹುಟ್ಟುವ ಕೋಣೆಯಲ್ಲಿದೆ. ೨೦೨೪ರ ಆಗಸ್ಟ್ ೨೭ರಂದು ಕರ್ನಾಟಕ ಲೋಕಸೇವಾ ಆಯೋಗ ೩೮೪ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಗಳ ಭಾಷಾಂತರ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್ ೨೯ರಂದು ಮರುಪರೀಕ್ಷೆ. ಮತ್ತೆ ಅದೇ ತಪ್ಪಿನ ಸರಮಾಲೆ, ಮತ್ತೆ ಬೀದಿಗಿಳಿದ ಅಭ್ಯರ್ಥಿಗಳು! ಕನ್ನಡನಾಡಿನ ಆಯೋಗ, ಕನ್ನಡಿಗರ ತೆರಿಗೆ, ಕನ್ನಡಿಗರನ್ನೇ ಆಳಲಿರುವ ಅಧಿಕಾರಿಗಳು. ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಕುಂಟುತ್ತಾ ಬರುತ್ತದೆ. ವರ್ಷಗಟ್ಟಲೆ ಹಗಲುರಾತ್ರಿ ಓದಿದವರು ವಿಷಯ ಗೊತ್ತಿದ್ದೂ ಸೋತರೆ ಆ ಪರೀಕ್ಷೆ ಅಳೆದದ್ದು ಜ್ಞಾನವನ್ನಲ್ಲ, ಇಂಗ್ಲಿಷನ್ನು.

ದೆಹಲಿಯ ಕಥೆ ಇನ್ನೂ ಘೋರ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಂತೆ. ಹೊಸ್ತಿಲಲ್ಲೇ ತಡೆದು ಒಳಗೆ ಎಲೆ ಹಾಕಿದ್ದೇವೆ ಎನ್ನುವ ಉಪಚಾರ ಯಾರಿಗೆ ಬೇಕು? ಹಿಂದಿಯವನಿಗೆ ತಾಯಿನುಡಿಯಲ್ಲಿ ಪ್ರಶ್ನೆ, ನಮ್ಮವನಿಗೆ ಪರಭಾಷೆಯಲ್ಲಿ. ಇದು ಸಮಾನ ಸ್ಪರ್ಧೆಯೇ? ಆಗದ ಕೆಲಸವೂ ಅಲ್ಲ. ೨೦೨೪ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ ಕನ್ನಡವೂ ಸೇರಿ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆದಿದೆ. ಬಂದೂಕು ಹಿಡಿಯಲು ಕನ್ನಡ ಸಾಕು, ಕಲೆಕ್ಟರನಾಗಲು ಸಾಲದೇ?

ನಮ್ಮ ಬೇಡಿಕೆ ಸ್ಪಷ್ಟ. ರಾಜ್ಯದ ಪರೀಕ್ಷೆಗಳಲ್ಲಿ ಪ್ರಶ್ನೆ ಮೊದಲು ಕನ್ನಡದಲ್ಲೇ ಸಿದ್ಧವಾಗಲಿ, ಇಂಗ್ಲಿಷಿಗೆ ಬೇಕಾದರೆ ಅನುವಾದವಾಗಲಿ. ಗೊಂದಲ ಬಂದರೆ ಕನ್ನಡದ ಪ್ರಶ್ನೆಯೇ ಅಂತಿಮವಾಗಲಿ. ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆ ಕನ್ನಡದಲ್ಲೂ ನಡೆಯಲಿ.

ನಿಮಗೂ ಒಂದು ಕೆಲಸವಿದೆ, ಓದುಗರೇ. ನಿಮ್ಮೂರ ಶಾಲೆಯ ರಸಪ್ರಶ್ನೆ ಇಂಗ್ಲಿಷಿನಲ್ಲಿ ನಡೆದರೆ ಎದ್ದು ನಿಂತು ಕೇಳಿ: ಯಾಕೆ? ಗ್ರಂಥಾಲಯದಲ್ಲಿ ಧೂಳು ಹಿಡಿದ 'ಜ್ಞಾನಗಂಗೋತ್ರಿ'ಯನ್ನು ಮಕ್ಕಳ ಕೈಗಿಡಿ. ಕ್ಯಾನ್‌ಬೆರಾ ಪಕ್ಕದಲ್ಲಿ ಬನವಾಸಿಯನ್ನೂ ಬರೆಸಿ. ನಿಮ್ಮ ಶಾಸಕರು, ಸಂಸದರು ಮತ ಕೇಳಲು ಬಂದಾಗ ಈ ಬೇಡಿಕೆಗಳನ್ನು ಮುಂದಿಡಿ. ಅವರು ಉತ್ತರಿಸದಿದ್ದರೆ ಅಂಕ ಕೊಡುವವರು ನೀವೇ ಎಂಬುದನ್ನು ಮರೆಯಬೇಡಿ!