ವರನ ಸಂಬಳ ವಿಚಾರಿಸುವವರು ಆರೋಗ್ಯವನ್ನೇಕೆ ವಿಚಾರಿಸುವುದಿಲ್ಲ?

“ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ.” ದಾರಿ ತಪ್ಪಿದ ಮಗನ ಕುರಿತು ನಮ್ಮ ಹಿರಿಯರು ನೀಡುವ ಸಲಹೆಯಿದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಯಾವ ಊರಿನ ಮೊಹಲ್ಲಾಕ್ಕೂ ಈ ಮಾತು ಹೊಸದಲ್ಲ. ಮಗ ಸರಿಹೋಗುವನೋ ಇಲ್ಲವೋ, ಆತನ ಹಿಂದಿನ ಬದುಕಿನ ಬೆಲೆ ತೆರಬೇಕಾಗುವುದು ಮಾತ್ರ ಏನೂ ಅರಿಯದೆ ನಿಕಾಹ್‌ಗೆ ಒಪ್ಪಿಗೆ ನೀಡಿದ ಹೆಣ್ಣುಮಗಳು. ಭಾರತದಲ್ಲಿ ಎಚ್‌ಐವಿ ಸೋಂಕಿತ ಮಹಿಳೆಯರಲ್ಲಿ ಬಹುಪಾಲಿನವರಿಗೆ ಅದು ತಗುಲಿರುವುದು ಪತಿಯಿಂದ. ಅವರಲ್ಲಿ ಹೆಚ್ಚಿನವರು ಮಾಡಿದ ‘ತಪ್ಪು’ ಮದುವೆಯಾದದ್ದು ಮಾತ್ರ.

“ನಮ್ಮವರಲ್ಲಿ ಅದೆಲ್ಲ ಇಲ್ಲ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬೆಂಗಳೂರು-ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣ ಮತ್ತು ಹಾಸನದ ಮೂಲಕವೇ ಹಾದುಹೋಗುತ್ತದೆ. ನಮ್ಮ ಯುವಕರು ಲಾರಿ ಓಡಿಸುತ್ತಾರೆ, ಕೊಲ್ಲಿ ರಾಷ್ಟ್ರಗಳಿಗೆ ಹೋಗುತ್ತಾರೆ, ಬೆಂಗಳೂರಿನ ಕೋಣೆಗಳಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಬಾಳುತ್ತಾರೆ. ದುಡಿಮೆಯನ್ನು ದೂರುವುದು ಅನ್ಯಾಯ. ಆದರೆ ಧರ್ಮವು ವ್ಯಭಿಚಾರವನ್ನು ನಿಷೇಧಿಸಿದೆ ಎಂದ ಮಾತ್ರಕ್ಕೆ ಮುಸ್ಲಿಮ್ ಹೆಸರಿನವರೆಲ್ಲರೂ ಅದರಿಂದ ದೂರವಿದ್ದಾರೆಂದು ಭಾವಿಸುವುದು ಆತ್ಮವಂಚನೆ. ಕೆಲವರು ಖತ್ನಾವನ್ನು ರಕ್ಷಾಕವಚವೆಂದು ತಿಳಿದಿದ್ದಾರೆ. ದಕ್ಷಿಣ ಆಫ್ರಿಕಾ, ಕೀನ್ಯಾ ಮತ್ತು ಉಗಾಂಡಾಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಸ್ತ್ರೀಯಿಂದ ಪುರುಷನಿಗೆ ಸೋಂಕು ತಗುಲುವ ಸಾಧ್ಯತೆಯನ್ನು ಖತ್ನಾ ಶೇ. 60ರಷ್ಟು ತಗ್ಗಿಸುತ್ತದೆ ಎಂಬುದು ನಿಜ. ಉಳಿದ ಅಪಾಯ ಹಾಗೆಯೇ ಇದೆ. ಸೋಂಕಿತ ಪತಿಯಿಂದ ಪತ್ನಿಯನ್ನು ಅದು ಕಾಪಾಡುವುದಿಲ್ಲ.

ಸಂಬಂಧ ಕುದುರಿಸುವಾಗ ನಾವು ಏನೇನು ವಿಚಾರಿಸುತ್ತೇವೆ? ಸಂಬಳ, ಸ್ವಂತ ಮನೆ, ಕುಟುಂಬದ ಹೆಸರು. ಕೆಲವೆಡೆ ನಾಚಿಕೆಯಿಲ್ಲದೆ ಜಹೇಝ್‌ನ ಪಟ್ಟಿಯೂ ಬರುತ್ತದೆ. ಹುಡುಗನ ಆರೋಗ್ಯದ ಮಾತೆತ್ತಿದರೆ ಮಾತ್ರ ಬೀಗರ ಮರ್ಯಾದೆಗೆ ಭಂಗ! ಗೊತ್ತಿದ್ದವರೂ ಗೀಬತ್ ಆಗುತ್ತದೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಇದು ಧರ್ಮದ ಹೆಸರಿನಲ್ಲಿ ನಡೆಯುವ ಅತಿದೊಡ್ಡ ತಪ್ಪು ತಿಳಿವಳಿಕೆ. ಫಾತಿಮಾ ಬಿಂತ್ ಕೈಸ್(ರ)ರವರು ತಮಗೆ ಬಂದ ಎರಡು ವಿವಾಹ ಪ್ರಸ್ತಾಪಗಳ ಕುರಿತು ಪ್ರವಾದಿ(ಸ)ರಲ್ಲಿ ಸಲಹೆ ಕೇಳಿದಾಗ, ಆ ಇಬ್ಬರಲ್ಲಿದ್ದ ಕೊರತೆಗಳನ್ನು ಅವರು ಮುಚ್ಚಿಡದೆ ಹೇಳಿ, ಉಸಾಮಾ(ರ)ರನ್ನು ವರಿಸುವಂತೆ ಸೂಚಿಸಿದರು. ವಿದ್ವಾಂಸರು ಇದರಿಂದಲೇ, ವಿವಾಹದ ಸಲಹೆ ಕೇಳಿದಾಗ ಸತ್ಯ ಹೇಳುವುದು ಗೀಬತ್ ಅಲ್ಲವೆಂದು ನಿರ್ಣಯಿಸಿದ್ದಾರೆ. ಸಂಬಂಧಪಟ್ಟವಳಿಂದ ಮುಚ್ಚಿಟ್ಟು ಚಹಾದಂಗಡಿಯಲ್ಲಿ ಪಿಸುಗುಟ್ಟುವುದೇ ಗೀಬತ್. ನಾವು ಮಾಡುತ್ತಿರುವುದು ಅದನ್ನೇ.

ಹಾಗೆಂದು ಜಮಾಅತ್ ಕಮಿಟಿಯು ಪ್ರತಿಯೊಬ್ಬ ವರನ ರಕ್ತ ಪರೀಕ್ಷೆಯ ವರದಿಯನ್ನು ಕಡತದಲ್ಲಿಡಬೇಕೆಂದು ನಾನು ವಾದಿಸುತ್ತಿಲ್ಲ. ಅದು ಅಪಾಯಕಾರಿ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ, ಫಲಿತಾಂಶ ಬಹಿರಂಗಪಡಿಸುವಂತೆಯೂ ಇಲ್ಲ. ಕಮಿಟಿಯ ಕಪಾಟಿನಲ್ಲಿ ಗುಟ್ಟು ಎಷ್ಟು ದಿನ ಉಳಿದೀತೆಂಬುದು ಎಲ್ಲರಿಗೂ ಗೊತ್ತು! ವಧೂವರರಿಬ್ಬರೂ ಸ್ವಇಚ್ಛೆಯಿಂದ ಪರೀಕ್ಷೆ ಮಾಡಿಸಿಕೊಂಡು, ಫಲಿತಾಂಶವನ್ನು ಪರಸ್ಪರರಿಗೆ ಮಾತ್ರ ತಿಳಿಸಲಿ. ತಾಲ್ಲೂಕು ಆಸ್ಪತ್ರೆಗಳ ಆಪ್ತ ಸಮಾಲೋಚನಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಅದು ಪತ್ತೆಯಾಗದಿರಬಹುದು. ಆದ್ದರಿಂದ ಒಂದು ಕಾಗದವು ಪ್ರಾಮಾಣಿಕತೆಗೆ ಬದಲಿಯಾಗದು.

ಸೋಂಕು ಇದೆಯೆಂದು ತಿಳಿದರೆ ಬದುಕು ಮುಗಿಯಿತೆಂದಲ್ಲ. ಸರಕಾರವು 2004ರಿಂದ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತಿದೆ. ಮಾತ್ರೆಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ಉಳಿದರೆ, ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದಾಗ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ಶೇ. 15ರಿಂದ 45. ಚಿಕಿತ್ಸೆಯಿದ್ದರೆ ಅದು ಶೇ. 5ಕ್ಕಿಂತಲೂ ಕಡಿಮೆ. ಆದರೆ ನೆರೆಯವರು ನೋಡಿಯಾರೆಂಬ ಭಯದಿಂದ ಗರ್ಭಿಣಿಯನ್ನು ಪರೀಕ್ಷೆಗೆ ಕಳುಹಿಸದ ಅತ್ತೆಗೆ, ಮಗುವಿಗೆ ಬಂದ ರೋಗದಲ್ಲಿ ತನ್ನ ಪಾಲೂ ಇದೆಯೆಂಬ ಅರಿವು ಇದೆಯೇ?

ಪತಿ ತೀರಿಕೊಂಡ ಮೇಲಿನ ಕತೆ ಇನ್ನೂ ಘೋರ. ರೋಗ ತಂದವನು ‘ಮರ್‌ಹೂಮ್’ ಆಗುತ್ತಾನೆ, ಆತನಿಂದ ರೋಗ ಪಡೆದವಳು ಇದ್ದತ್ ಮುಗಿಯುವ ಮೊದಲೇ ಕಳಂಕಿತೆಯಾಗುತ್ತಾಳೆ. ಸೋಂಕಿತರ ಮಯ್ಯಿತ್‌ಗೆ ಸ್ನಾನ ಮಾಡಿಸಲು ಹಿಂಜರಿಯುವವರೂ ಇದ್ದಾರೆ. ಕೈಗವಸು ಧರಿಸಿ, ರಕ್ತ ಮತ್ತು ದೇಹದ್ರವಗಳ ಬಗ್ಗೆ ಎಚ್ಚರ ವಹಿಸಿದರೆ ಸ್ನಾನ ಮಾಡಿಸಬಹುದು. ಮುಟ್ಟಿದ ಮಾತ್ರಕ್ಕೆ ಎಚ್‌ಐವಿ ಹರಡುವುದಿಲ್ಲ. ಸತ್ತ ಮುಸ್ಲಿಮನ ಸ್ನಾನ, ಕಫನ್, ಜನಾಝಾ ನಮಾಝ್ ಇಡೀ ಊರಿನ ಮೇಲಿರುವ ಹೊಣೆ. ಆತ ಏನು ಮಾಡಿದ್ದನೆಂಬ ತನಿಖೆ ನಮಗೆ ವಹಿಸಿದ ಕೆಲಸವಲ್ಲ.

ಉಗಾಂಡಾದ ಇಸ್ಲಾಮಿಕ್ ವೈದ್ಯಕೀಯ ಸಂಘವು 1990ರ ದಶಕದ ಆರಂಭದಲ್ಲಿಯೇ ಇಮಾಮರಿಗೆ ತರಬೇತಿ ನೀಡಿ, ಏಡ್ಸ್ ಕುರಿತ ತಿಳಿವಳಿಕೆಯನ್ನು ಮಸೀದಿಯಿಂದ ಮನೆಮನೆಗೆ ತಲುಪಿಸಿತು. ಅಲ್ಲಿಯ ಇಮಾಮರು ನಾಚಿಕೆಯನ್ನು ಈಮಾನಿನ ಭಾಗವೆಂದು ನಮಗಿಂತ ಕಡಿಮೆ ತಿಳಿದವರೇನಲ್ಲ. ನಮ್ಮ ಜಿಲ್ಲೆಯ ಖತೀಬರು ಮುಂದಿನ ನಿಕಾಹ್ ಖುತ್ಬಾದ ಮೊದಲು, ಹುಡುಗನ ತಂದೆಯನ್ನು ಪಕ್ಕಕ್ಕೆ ಕರೆದು ಈ ಒಂದು ಪ್ರಶ್ನೆಯನ್ನು ಕೇಳಬಾರದೇಕೆ?